ತಟ್ಟೆಯಲ್ಲಿಟ್ಟ ದಂಡ

ನಮ್ಮ ಲೇಔಟಿನ ಸಂಘಕ್ಕೆ ದಂಡ ಕಟ್ಟೋಕೆ ಹೋದ ದಿವಸ ನಮ್ಮ ಯಜಮಾನರು ತಟ್ಟೆ ಹಿಡಕೊಂಡು ಹೋದರು. ದೇವರ ಮನೆಯ ಹಿತ್ತಾಳೆ ತಟ್ಟೆ. ಅದರಲ್ಲಿ ಎಲೆ, ಅಡಿಕೆ, ಎಲೆ ಮೇಲೆ ದುಡ್ಡು. ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಬರಿಗಾಲಲ್ಲಿ ಹೋದರು. ನಾನು ಆವತ್ತು ಕಡೂರಲ್ಲಿ ನನ್ನ ತಮ್ಮನ ಮನೆಯಲ್ಲಿದ್ದೆ. ಊರಲ್ಲಿದ್ದಿದ್ದರೆ ಗೇಟು ದಾಟೋಕೆ ಬಿಡ್ತಿದ್ನಾ? ಅದಕ್ಕೇ ನಾನಿಲ್ಲದ ದಿವಸ ನೋಡಿಕೊಂಡು ಹೋಗಿದ್ದು, ಮಹಾನುಭಾವರು.

ದಂಡ ಯಾತಕ್ಕೆ ಅಂದರೆ, ಅವರ ತಂಗಿ, ನನ್ನ ನಾದಿನಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಬಟ್ಟೆ ಹೊಲೀತಾಳೆ ಅನ್ನೋದಕ್ಕೆ. ಕಳ್ಳಭಟ್ಟಿ ಕಾಯಿಸ್ತಿದ್ದಳು ಅಂತಲ್ಲ, ಇಸ್ಪೀಟು ಆಡಿಸ್ತಿದ್ದಳು ಅಂತಲ್ಲ. ಬ್ಲೌಸು ಹೊಲೀತಿದ್ದಳು.

ಯಜಮಾನರದು ಅಜ್ಜಂಪುರದ ಕಡೆ ಹಳ್ಳಿ. ಖುಷ್ಕಿ ಜಮೀನು, ಒಂದಷ್ಟು ತೆಂಗಿನ ತೋಟ, ಮಠಕ್ಕೆ ನಡಕೊಳ್ಳೋ ಮನೆತನ. ಮಾತು ಕಮ್ಮಿ. ನಾನು ಕಡೂರಿನವಳು. ನಮ್ಮಪ್ಪ ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು, ಗಿರಾಕಿಗಳ ಜೊತೆ ಏಗಿ ಏಗಿ ನಮ್ಮ ಮನೆಯಲ್ಲಿ ಎಲ್ಲರ ಬಾಯೂ ಸ್ವಲ್ಪ ಜೋರು. ಈಗ ನಾವಿರೋದು ತರೀಕೆರೆ ಅಂಚಿನ ಒಂದು ಹೊಸ ಲೇಔಟಿನಲ್ಲಿ. ಆ ಸೈಟು ತಗೊಂಡಿದ್ದು ನಮ್ಮಪ್ಪ ನನ್ನ ಪಾಲಿಗೆ ಅಂತ ಕೊಟ್ಟ ದುಡ್ಡಲ್ಲಿ. ಹಾಗಾಗಿ ಮನೆ ಖಾತೆ ನನ್ನ ಹೆಸರಲ್ಲಿದೆ. ಇದನ್ನ ಜಂಬಕ್ಕೆ ಹೇಳ್ತಿಲ್ಲ, ಮುಂದೆ ಕೆಲಸಕ್ಕೆ ಬರುತ್ತೆ.

ನಾದಿನಿ ಗಂಡ ತೀರಿಕೊಂಡ ಮೇಲೂ ಬಹಳ ವರ್ಷ ಅಜ್ಜಂಪುರದ ಕಡೆಯೇ ಇರೋ ಗಂಡನ ಮನೆಯಲ್ಲೇ ಇದ್ದವಳು. ಮಕ್ಕಳಿಲ್ಲ. ಮೈದುನಂದಿರ ದೊಡ್ಡ ಸಂಸಾರ, ಬೆಳಗಾಗೆದ್ದು ಒಲೆ ಮುಂದೆ ಕೂತರೆ ಎಲ್ಲರೂ ಉಂಡಾದ ಮೇಲೆ ಏಳೋದು. ಅವರು ಕೆಟ್ಟವರು ಅಂತ ನಾನು ಹೇಳಲ್ಲ. ಹೊಡೀಲಿಲ್ಲ, ಬೈಲಿಲ್ಲ. ಇವಳನ್ನ ಯಾವತ್ತೂ ಏನೂ ಕೇಳಲೂ ಇಲ್ಲ, ಅಷ್ಟೇ. ನಿನಗೇನು ಬೇಕು ಅಂತ ಕೇಳೋದಿರಲಿ, ಊಟ ಆಯ್ತಾ ಅಂತಲೂ ಕೇಳಲಿಲ್ಲ. ನಮ್ಮ ಮನೆ ಗೃಹಪ್ರವೇಶಕ್ಕೆ ಬಂದವಳನ್ನ ನಾನೇ ಹಟ ಹಿಡಿದು ಉಳಿಸಿಕೊಂಡೆ. ಅವಳ ಮದುವೇಲಿ ಕೊಟ್ಟಿದ್ದ ಹೊಲಿಗೆ ಮಿಷನ್ನು ಆ ಮನೆಯ ಅಟ್ಟದ ಮೇಲೆ ಕಾಯಿ ಚೀಲದ ಕೆಳಗೆ ಬಿದ್ದಿತ್ತು. ಅದನ್ನೂ ಇಳಿಸಿ ತರಿಸಿದೆ.

ಮೊದಲು ನನ್ನ ಸೀರೆಗಳಿಗೆ ಫಾಲ್ ಹಚ್ಚಿದಳು. ಅದನ್ನ ನೋಡಿ ಪಕ್ಕದ ಮನೆಯವರು ಕೊಟ್ಟರು, ಅವರದು ನೋಡಿ ಆಚೆ ಬೀದಿಯವರು. ಆಮೇಲೆ ಬ್ಲೌಸು, ಸೆರಗಿಗೆ ಕುಚ್ಚು, ಮಕ್ಕಳ ಲಂಗ. ಅಮೃತಾಪುರದಿಂದ ಬಸ್ಸಿಗೆ ಬಂದು ಅಳತೆ ಕೊಟ್ಟು ಹೋಗೋ ಹೆಂಗಸರೂ ಆದರು. ಬಂದವರು ಬರೀ ಬಟ್ಟೆ ಕೊಟ್ಟು ಹೋಗ್ತಾರಾ? ಕೂತು ಮಾತಾಡ್ತಾರೆ, ಕುತ್ತಿಗೆ ಹಿಂದೆ ಎಷ್ಟು ಇಳಿಸಬೇಕು ಅಂತ ಅವಳ ಅಭಿಪ್ರಾಯ ಕೇಳ್ತಾರೆ. ತಲೆ ಎತ್ತಿ ಮಾತಾಡದೆ ಇದ್ದವಳು ಗಿರಾಕಿಗಳಿಗೆ, ನಿಮಗೆ ಆ ಬಣ್ಣ ಒಪ್ಪಲ್ಲ ಕಣ್ರೀ, ಅಂತ ಹೇಳೋ ಮಟ್ಟಕ್ಕೆ ಬಂದಳು. ಆಮೇಲಾಮೇಲೆ ನನ್ನ ಜೊತೆ ಜಗಳ ಆಡೋದೂ ಕಲಿತಳು. ಸಾರಿಗೆ ಹುಣಸೆಹಣ್ಣು ಜಾಸ್ತಿ ಆಯ್ತು ಅಂತ ಮುಖಕ್ಕೆ ಹೊಡೆದ ಹಾಗೆ ಅಂದ ದಿವಸ ನನಗೆ ಎಷ್ಟು ಸಂತೋಷ ಆಯ್ತು ಅಂತ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳ್ತಿದ್ದೀನಿ.

ಇನ್ನು ಸಂಘ. ಪುರಸಭೆ ಇನ್ನೂ ನಮ್ಮ ಲೇಔಟನ್ನ ಪೂರ್ತಿ ವಹಿಸಿಕೊಂಡಿರಲಿಲ್ಲ, ಹಾಗಾಗಿ ಬೀದಿ ದೀಪ, ಬೋರ್‌ವೆಲ್ಲು, ಕಸ ಎಲ್ಲಾ ನಿವಾಸಿಗಳ ಸಂಘದ್ದೇ ಉಸ್ತುವಾರಿ. ಅಧ್ಯಕ್ಷರು ದೊಡ್ಡ ಕೆಲಸದಲ್ಲಿದ್ದು ರಿಟೈರಾದವರು. ಇದ್ದದ್ದು ಇದ್ದ ಹಾಗೆ ಹೇಳಬೇಕು, ಮನುಷ್ಯ ಕೆಟ್ಟವನಲ್ಲ. ಬೆಳಿಗ್ಗೆ ವಾಕಿಂಗ್ ಹೋಗ್ತಾ ಬೀದಿಯಲ್ಲಿ ಬಿದ್ದ ಪ್ಲಾಸ್ಟಿಕ್ ಕವರನ್ನ ತಾವೇ ಬಗ್ಗಿ ಎತ್ತಿಕೊಳ್ಳೋರು. ಆದರೆ ರೂಲ್ಸು ಅಂದರೆ ಪ್ರಾಣ. ನಮ್ಮ ಎದುರು ಮನೆಯವರಿಗೂ ಒಂದು ಕಷ್ಟ ಇತ್ತು ಅನ್ನಿ. ನಾದಿನಿ ಹತ್ತಿರ ಬರೋ ಹೆಂಗಸರು ಸ್ಕೂಟಿ ತಂದು ಅವರ ಗೇಟಿಗೆ ಅಡ್ಡ ನಿಲ್ಲಿಸೋರು, ಅವರ ಕಾರು ಹೊರಗೆ ತೆಗೆಯೋಕೆ ಆಗ್ತಿರಲಿಲ್ಲ. ನಮಗೆ ಬಂದು ಹೇಳಿದ್ದರೆ ಮುಗಿದುಹೋಗ್ತಿತ್ತು. ಅವರು ಸಂಘಕ್ಕೆ ಹೇಳಿದರು.

ಒಂದು ದಿವಸ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಯಜಮಾನರ ಹೆಸರು ಬಂತು. ವಸತಿ ಬಡಾವಣೆಯಲ್ಲಿ ವಾಣಿಜ್ಯ ಚಟುವಟಿಕೆ ನಡೆಸ್ತಿರೋದು ಗಮನಕ್ಕೆ ಬಂದಿದೆ, ಆದ್ದರಿಂದ ದಂಡ, ಇಂತಿಷ್ಟು ದಿನದಲ್ಲಿ ಕಟ್ಟಬೇಕು, ಅಂತ. ಕೆಳಗೆ ಒಬ್ಬರು ಹೆಬ್ಬೆಟ್ಟಿನ ಚಿತ್ರ ಒತ್ತಿದ್ದರು. ಇನ್ನೊಬ್ಬರು ಕೈ ಮುಗಿದಿದ್ದರು, ಯಾಕೆ ಮುಗಿದರೋ ಅವರಿಗೇ ಗೊತ್ತು. ನನಗೆ ಮೈಯೆಲ್ಲ ಉರಿದುಹೋಯ್ತು. ಆದರೂ ಇವರು ತಣ್ಣಗಿದ್ದಾರಲ್ಲ, ನಾಲ್ಕು ದಿನ ನೋಡೋಣ ಅಂತ ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡಾಗಲೆಲ್ಲ ನನಗೆ ನಷ್ಟವೇ ಆಗಿದೆ.

ಅವತ್ತಿನಿಂದ ಗಿರಾಕಿಗಳು ಹಿತ್ತಲ ಕಡೆಯಿಂದ ಬರೋಕೆ ಶುರು ಮಾಡಿದರು. ನಮ್ಮ ಮನೆ ಹಿಂದೆ ಒಂದು ಓಣಿ ಇದೆ. ಅಲ್ಲಿಂದ ಬಟ್ಟೆ ಚೀಲ ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಹಿಂದಿನ ಬಾಗಿಲು ತಟ್ಟಿ, ಪಿಸಪಿಸ ಅಂತ ಅಳತೆ ಕೊಟ್ಟು ಹೋಗೋರು. ಹಾಗೆ ಬಂದವರಲ್ಲಿ ಅಧ್ಯಕ್ಷರ ಹೆಂಡತಿಯೂ ಒಬ್ಬರು. ಎರಡು ತಿಂಗಳಾಚೆ ನಂಟರ ಮದುವೆ ಇತ್ತಂತೆ, ರೇಷ್ಮೆ ಬ್ಲೌಸ್ ಪೀಸು ತಂದು ಕೊಟ್ಟು, ನಮ್ಮನೆಯವರಿಗೆ ಗೊತ್ತಾಗೋದು ಬೇಡ ಕಣಮ್ಮ, ಅಂತ ಹೇಳಿ ಹೋದರು. ನನಗೆ ನಗು. ನಾದಿನಿ ನಗಲಿಲ್ಲ. ಹಿತ್ತಲ ಬಾಗಿಲು ತೆಗೆದು ತೆಗೆದು ಅವಳ ಮುಖ ಮತ್ತೆ ಹಳೆಯ ಹಾಗೆ ಇಳಿದುಹೋಗಿತ್ತು.

ಅದು ತಡೆಯೋಕಾಗದೆ ಯಜಮಾನರು ತಟ್ಟೆ ಎತ್ತಿಕೊಂಡಿದ್ದು. ಅವರ ಊರಿನಲ್ಲಿ ಅದೇ ಪದ್ಧತಿ. ಹಿರೀಕರು ಕಟ್ಟೆ ಮೇಲೆ ಕೂತು ನಿನ್ನದು ತಪ್ಪು ಅಂತ ತೀರ್ಮಾನ ಮಾಡಿದರೆ, ವಾದ ಮಾಡಬಾರದು. ಎಲೆ ಅಡಿಕೆ ಜೊತೆ ತಪ್ಪು ಕಾಣಿಕೆ ಇಟ್ಟು ಕೈ ಮುಗಿಯಬೇಕು. ಆ ದುಡ್ಡು ತೀರ್ಮಾನ ಮಾಡಿದವರಿಗೆ ಹೋಗಲ್ಲ, ದೇವಸ್ಥಾನದ ಹುಂಡಿಗೆ ಹೋಗುತ್ತೆ. ಕಾಣಿಕೆ ಇಟ್ಟ ಮೇಲೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡೀತಾರೆ. ಅಲ್ಲಿಗೆ ವಿಷಯ ಖಲಾಸ್. ಅದನ್ನ ಮತ್ತೆ ಯಾರಾದರೂ ಎತ್ತಿ ಆಡಿದರೆ, ಆಡಿದವನದೇ ತಪ್ಪು. ಈ ಲೆಕ್ಕದಲ್ಲಿ ಇವರು ಹೋಗಿ ಅಧ್ಯಕ್ಷರ ಟೀಪಾಯಿ ಮೇಲೆ ತಟ್ಟೆ ಇಟ್ಟು ಕೈ ಮುಗಿದು ನಿಂತಿದ್ದಾರೆ. ಅವರು ಕಕ್ಕಾಬಿಕ್ಕಿಯಾಗಿ ದುಡ್ಡು ಎಣಿಸಿ, ಒಂದು ರಸೀದಿ ಬರೆದುಕೊಟ್ಟು, ತಟ್ಟೆ ವಾಪಸ್ಸು ಕೊಟ್ಟಿದ್ದಾರೆ. ಕಾಫಿಯಂತೂ ಕೊಟ್ಟರಂತೆ. ನಾನು ಕಡೂರಿಂದ ಬಂದಾಗ ಇವರು ಜಗಲಿ ಮೇಲೆ ಹಗುರಾಗಿ ಕೂತು ಪೇಪರ್ ಓದ್ತಿದ್ದರು. ಮುಗೀತು ಕಣೆ, ಇನ್ನು ಯಾರೂ ಏನೂ ಅನ್ನಲ್ಲ, ಅಂದರು.

ನಾನು ಒಳಗೆ ಹೋದರೆ ಹೊಲಿಗೆ ಮಿಷನ್ನಿನ ಮೇಲೆ ಬೆಡ್‌ಶೀಟು ಮುಚ್ಚಿತ್ತು. ನಾದಿನಿ ಅಡಿಗೆ ಮನೆಯಲ್ಲಿ ಕೂತು ಅಕ್ಕಿ ಆರಿಸ್ತಿದ್ದಳು. ಯಾಕೆ ಹೊಲೀಲಿಲ್ಲ ಅಂತ ಕೇಳಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

“ಅಣ್ಣ ನನ್ನ ಸಲುವಾಗಿ ತಪ್ಪು ಕಾಣಿಕೆ ಇಟ್ಟು ಬಂದೈತೆ. ಮತ್ತೆ ಅದೇ ತಪ್ಪು ಮಾಡಕ್ಕಾಗುತ್ತಾ ಅತ್ತಿಗೆ?”

ಇವರು ಅವಳ ತಲೆಯ ಮೇಲಿನ ಭಾರ ಇಳಿಸ್ತೀನಿ ಅಂತ ಹೋಗಿದ್ದರು. ಅವಳ ಪಾಲಿಗೆ ಅದು ತಪ್ಪು ಹೌದು ಅಂತ ಒಪ್ಪಿಕೊಂಡ ಹಾಗಾಯ್ತು. ಅರ್ಧಕ್ಕೆ ನಿಂತ ಬಟ್ಟೆಗಳನ್ನ ಹಾಗೇ ಮಡಚಿ ಬೀರುವಿನಲ್ಲಿ ಇಟ್ಟಿದ್ದಳು. ಅಧ್ಯಕ್ಷರ ಹೆಂಡತಿಯ ರೇಷ್ಮೆ ಬ್ಲೌಸು ಮೇಲ್ಗಡೆಯೇ ಇತ್ತು, ಮೈ ಆಗಿತ್ತು, ತೋಳು ಇರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಿಧಾನಕ್ಕೆ ಅವಳ ಮನಸ್ಸು ತಿರುಗಿಸ್ತಿದ್ನೇನೋ. ಮುಂದಿನ ತಿಂಗಳು ಗ್ರೂಪಿನಲ್ಲಿ ಮತ್ತೆ ಬಂತು. ಹೋದ ಸಲ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೂ ಚಟುವಟಿಕೆ ಮುಂದುವರಿದಿದೆ, ಹಾಗಾಗಿ ಈ ಸಲ ದಂಡ ಹೆಚ್ಚಿಸಲಾಗಿದೆ, ಕಟ್ಟದಿದ್ದರೆ ನೀರು ನಿಲ್ಲಿಸಲಾಗುವುದು. ಮುಂದುವರಿದಿದ್ದು ಏನು? ಕೊಟ್ಟ ಬಟ್ಟೆ ವಾಪಸ್ಸು ಕೇಳೋಕೆ ನಾಲ್ಕು ಜನ ಬಂದು ಹೋಗಿದ್ದರು. ಅದನ್ನ ಯಾರೋ ನೋಡಿದ್ದಾರೆ. ಯಜಮಾನರು ಅದನ್ನ ಎರಡೆರಡು ಸಲ ಓದಿದರು. ಮುಗಿದದ್ದನ್ನ ಎತ್ತಿದರಲ್ಲ, ಅನ್ನೋದೊಂದೇ ಅವರ ಮಾತು. ದಂಡಕ್ಕಿಂತ ಅವರಿಗೆ ಅದೇ ನೋವು.

ನಾದಿನಿ ಅವತ್ತೇ ಗಂಡನ ಮನೆಗೆ, ತನ್ನ ಮೈದುನನಿಗೆ ಫೋನು ಮಾಡಿದಳು. ಬಾ, ಇಲ್ಲೂ ಕೈ ಬೇಕು, ಅಂದನಂತೆ. ಅವಳು ಹೋದರೆ ಮಿಷನ್ನು ಮತ್ತೆ ಅಟ್ಟಕ್ಕೆ ಹೋಗುತ್ತೆ, ಅವಳು ಒಲೆ ಮುಂದೆ ಹೋಗ್ತಾಳೆ, ಮತ್ತೆ ಈ ಜನ್ಮದಲ್ಲಿ ಸಾರಿಗೆ ಹುಳಿ ಜಾಸ್ತಿ ಆಯ್ತು ಅಂತ ಯಾರಿಗೂ ಹೇಳಲ್ಲ. ತಿಂಗಳ ಕೊನೇವರೆಗಾದರೂ ಇರು ಅಂತ ಕೈ ಹಿಡಿದು ಕೇಳಿಕೊಂಡೆ. ಸರಿ ಅಂದಳು, ನನಗೋಸ್ಕರ.

ಮೊದಲು ನನಗೆ ಗೊತ್ತಿರೋ ದಾರಿಯಲ್ಲೇ ಹೋದೆ. ಅಧ್ಯಕ್ಷರ ಗೇಟಿನ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಅಂದೆ. ನಿಮ್ಮನೆ ಮಿಕ್ಸಿ ಸದ್ದು ನಮ್ಮನೆಗೆ ಕೇಳುತ್ತೆ, ಅದಕ್ಕೂ ದಂಡ ಹಾಕ್ತೀರಾ ಅಂದೆ. ಅವರ ಹೆಂಡತಿ ಕಿಟಕಿ ಪರದೆ ಹಿಂದೆ ನಿಂತಿದ್ದರು, ಬ್ಲೌಸಿನ ವಿಷಯ ನಾಲಿಗೆ ತುದಿಗೆ ಬಂದಿತ್ತು, ಪಾಪ ಅನ್ನಿಸಿ ನುಂಗಿಕೊಂಡೆ. ಅಧ್ಯಕ್ಷರು ದನಿ ಎತ್ತಲಿಲ್ಲ. ಎಲ್ಲಾ ಕೇಳಿ ಒಂದೇ ಮಾತು ಹೇಳಿದರು, ನಿಮ್ಮ ಯಜಮಾನರೇ ಒಪ್ಪಿಕೊಂಡು ಕಟ್ಟಿದ್ದಾರಲ್ಲಮ್ಮ, ಅಂತ. ನನ್ನ ಗಂಡನ ತಟ್ಟೆಯೇ ನನಗೆ ಅಡ್ಡ ಬಂದಿತ್ತು.

ತರೀಕೆರೆ ಕೋರ್ಟಿನಲ್ಲಿ ಹೆಂಗಸರಿಗೆ ಬಿಟ್ಟಿಯಾಗಿ ಕಾನೂನು ಸಲಹೆ ಕೊಡ್ತಾರೆ ಅಂತ ಗಿರಾಕಿಯೊಬ್ಬಳು ಹೇಳಿದ್ದಳು. ಹೋದೆ. ಅಲ್ಲಿ ನನಗೆ ಸಿಕ್ಕಿದ್ದು ಒಬ್ಬ ವಯಸ್ಸಿನ ವಕೀಲೆ. ಜಗಳದ ಕಥೆ ಪೂರ್ತಿ ಹೇಳೋಕೆ ಬಿಡಲಿಲ್ಲ ಅವರು. ಮಧ್ಯೆ ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳೋರು. ದಂಡ ಹಾಕಿದ್ದು ಸಂಘದ ಬೈಲಾದ, ಅಂದರೆ ನಿಯಮ ಪುಸ್ತಕದ, ಯಾವ ನಿಯಮದ ಮೇಲೆ? ಗೊತ್ತಿಲ್ಲ. ಬೈಲಾ ನೋಡಿದ್ದೀರಾ? ಇಲ್ಲ. ದಂಡ ಹಾಕೋಕೆ ಮುಂಚೆ ನೋಟೀಸು ಕೊಟ್ಟಿದ್ದರಾ? ಇಲ್ಲ, ಸೀದಾ ಗ್ರೂಪಿಗೆ ಹಾಕಿದರು. ಮನೆ ಯಾರ ಹೆಸರಲ್ಲಿದೆ? ನನ್ನ ಹೆಸರಲ್ಲಿ. ಮತ್ತೆ ನಿಮ್ಮ ಯಜಮಾನರಿಗೆ ಯಾಕೆ ದಂಡ? ಮನೆ ಯಜಮಾನರು ಅಂತ. ಅಲ್ಲಿಯವರೆಗೆ ಅದು ನನಗೂ ಹೊಳೆದಿರಲಿಲ್ಲ ನೋಡಿ.

ತಟ್ಟೆಯ ಕಥೆ ಹೇಳಿದಾಗ ಆ ಹೆಂಗಸು ನಕ್ಕರು, ಆಮೇಲೆ ನಗು ನಿಲ್ಲಿಸಿ, ಕೋರ್ಟಿಗೆ ತಟ್ಟೆ ಅರ್ಥ ಆಗಲ್ಲಮ್ಮ, ರಸೀದಿ ಅರ್ಥ ಆಗುತ್ತೆ, ಅಂದರು. ಆದರೆ ಒಂದು ಸಲ ಕಟ್ಟಿದ ಮಾತ್ರಕ್ಕೆ ಹಕ್ಕೆಲ್ಲ ಹೋಗಲ್ಲ ಅಂತ ಧೈರ್ಯವನ್ನೂ ಹೇಳಿದರು. ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳಬೇಕು ಅಂದರೆ ಇಷ್ಟು. ಸಂಘ ಅಂದರೆ ಸರ್ಕಾರ ಅಲ್ಲ. ಅದಕ್ಕೆ ದಂಡ ಹಾಕೋ ಅಧಿಕಾರ ಬರೋದಾದರೆ, ಸದಸ್ಯರು ಒಪ್ಪಿ ನೋಂದಣಿ ಮಾಡಿಸಿದ ಬೈಲಾದಿಂದ ಬರಬೇಕು, ಕಮಿಟಿಯವರು ನಾಲ್ಕು ಜನ ಕೂತು ಹೊಸ ರೂಲು ಹುಟ್ಟಿಸೋಕಾಗಲ್ಲ. ಬೈಲಾ ತಿದ್ದಬೇಕಾದರೆ ಎಲ್ಲಾ ಸದಸ್ಯರ ಸಭೆ ಕರೆದು ಪಾಸು ಮಾಡಿ, ರಿಜಿಸ್ಟ್ರಾರರ ಹತ್ತಿರ ದಾಖಲು ಮಾಡಿಸಬೇಕು. ರೂಲು ಇದ್ದರೂ ಮೊದಲು ನೋಟೀಸು ಕೊಡಬೇಕು, ಆಮೇಲೆ ನಮ್ಮ ಮಾತು ಕೇಳಬೇಕು, ಆಮೇಲೆ ಬೇಕಾದರೆ ದಂಡ. ದಂಡದ ತಕರಾರಿಗೆ ಕುಡಿಯೋ ನೀರು ನಿಲ್ಲಿಸೋಕೆ ಬಂದರೆ ಕೋರ್ಟಿನಿಂದ ತಡೆ ಕೇಳಬಹುದು. ಮನೆಯವರೇ ಕೂತು ಮಾಡೋ ಹೊಲಿಗೆಯಂಥ ಸಣ್ಣ ಕೆಲಸಕ್ಕೆ ವಸತಿ ಜಾಗದಲ್ಲೂ ಸಾಮಾನ್ಯವಾಗಿ ಅವಕಾಶ ಇರುತ್ತೆ, ಆದರೆ ಪುರಸಭೆಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ ಅಂದರು. ನನ್ನ ಮುಖ ಅರಳಿದ್ದು ನೋಡಿ ಬ್ರೇಕು ಹಾಕಿದರು. ತಿಂಗಳ ಮೇಂಟೆನೆನ್ಸ್ ಮಾತ್ರ ನಿಲ್ಲಿಸಬೇಡಿ, ಅದು ಬೇರೆ, ದಂಡ ಬೇರೆ. ಎದುರು ಮನೆಯವರ ಗೇಟಿಗೆ ಸ್ಕೂಟಿ ನಿಲ್ಲಿಸೋದು ನಿಮ್ಮ ಹಕ್ಕಲ್ಲ, ಅದನ್ನ ಸರಿಮಾಡಿಕೊಂಡೇ ಮಾತಿಗೆ ಹೋಗಿ. ಗೇಟಿನ ಹತ್ತಿರ ಜಗಳ ಆಡಬೇಡಿ, ಬರೆದು ಕೊಡಿ, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ಏಳುವಾಗ ಇನ್ನೊಂದು ಕೇಳಿದರು, ಹೊಲಿಯೋರು ಯಾರು, ಅವರನ್ನ ಯಾರಾದರೂ ಮಾತಾಡಿಸಿದ್ದಾರಾ ಅಂತ. ಇಲ್ಲ ಅಂದೆ. ವಕೀಲೆ ತಲೆ ಆಡಿಸಿದರು ಅಷ್ಟೇ.

ಮನೆ ಒಡತಿ ಅಂತ ನನ್ನ ಹೆಸರಲ್ಲೇ ಬರೆದು ಕೊಟ್ಟೆ. ದಂಡವನ್ನ ಒಪ್ಪಲ್ಲ, ಯಾವ ನಿಯಮ ತೋರಿಸಿ, ಬೈಲಾದ ನಕಲು ಕೊಡಿ, ನಮ್ಮ ಮಾತು ಕೇಳಿ. ಅಷ್ಟೇ ಇದ್ದದ್ದು, ಒಂದು ಬೈಗುಳವೂ ಇರಲಿಲ್ಲ. ಬರೆಯುವಾಗ ನನಗೆಷ್ಟು ಕಷ್ಟ ಆಯ್ತು ಅಂತ ಆ ಭಗವಂತನಿಗೇ ಗೊತ್ತು. ಎದುರು ಮನೆಗೂ ಹೋಗಿ, ಇನ್ನು ಗಾಡಿಗಳನ್ನ ಪಾರ್ಕಿನ ಪಕ್ಕ ನಿಲ್ಲಿಸೋ ಹಾಗೆ ಮಾಡ್ತೀನಿ ಅಂದೆ. ಆಯಮ್ಮ ಪಾಪ ಅಳೋ ಹಾಗಾದರು. ಅವರ ಅತ್ತೆಗೆ ಉಸಿರಿನ ಕಾಯಿಲೆ, ಆಸ್ಪತ್ರೆಗೆ ಯಾವಾಗ ಹೊರಡಬೇಕಾಗುತ್ತೋ ಗೊತ್ತಿಲ್ಲ, ಅದಕ್ಕೇ ಭಯ ಬಿದ್ದು ಹೇಳಿದ್ದಂತೆ. ದಂಡ ಹಾಕಿ ಅಂತ ನಾನು ಕೇಳಿರಲಿಲ್ಲ ಅಂದರು. ಒಬ್ಬರನ್ನೊಬ್ಬರು ಕೇಳದೆ ಎಷ್ಟೊಂದು ನಡೆದುಹೋಗಿತ್ತು ಅಂತ ಅನ್ನಿಸ್ತು.

ಭಾನುವಾರ ಪಾರ್ಕಿನ ಶೆಡ್ಡಿನಲ್ಲಿ ಸಭೆ ಕರೆದರು. ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಾದಿನಿ ಬರಲ್ಲ ಅಂದಳು. ಯಜಮಾನರು ನನ್ನ ಪಕ್ಕ ಕೂತು ತಮ್ಮ ಉಗುರು ನೋಡಿಕೊಳ್ತಿದ್ದರು. ನಾನು ಎದ್ದು ನಿಂತು, ನಿಯಮ ಓದಿ ಅಂತ ಕೇಳಿದೆ. ಕಾರ್ಯದರ್ಶಿಯವರು ಬೈಲಾ ಪುಸ್ತಕ ಹಿಂದೆ ಮುಂದೆ ತಿರುವಿದರು. ಕಸ ಸುರಿದರೆ ದಂಡ ಇತ್ತು, ಅದಕ್ಕೂ ಮೊದಲು ನೋಟೀಸು ಕೊಟ್ಟು ವಿಚಾರಣೆ ಮಾಡಬೇಕು ಅಂತ ಇತ್ತು. ಮನೆಯಲ್ಲಿ ಮಾಡೋ ಕೆಲಸದ ಬಗ್ಗೆ ಏನೂ ಇರಲಿಲ್ಲ. ಅದು ಕಮಿಟಿಯವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಗ್ರೂಪಿಗೆ ಹಾಕಿದ ರೂಲು. ಅಧ್ಯಕ್ಷರು ಪುಸ್ತಕ ಇಸಕೊಂಡು ತಾವೇ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ರೂಲ್ಸು ಅಂದರೆ ಪ್ರಾಣ ಬಿಡೋ ಮನುಷ್ಯ, ತಾನೇ ರೂಲು ಮುರಿದಿದ್ದೀನಿ ಅಂತ ಗೊತ್ತಾದಾಗ ಆದ ಮುಖ ನೋಡಿ ನನಗೆ ಗೆದ್ದ ಖುಷಿ ಅರ್ಧ ಇಳಿದುಹೋಯ್ತು. ಎರಡೂ ದಂಡ ರದ್ದು, ಕಟ್ಟಿದ್ದನ್ನ ಮುಂದಿನ ಮೇಂಟೆನೆನ್ಸಿಗೆ ಜಮಾ ಹಾಕ್ತೀವಿ, ಅಂತ ಹೇಳಿ ನಡಾವಳಿಯಲ್ಲಿ ಬರೆಸಿದರು.

ನಾನು ಓಡಿಕೊಂಡೇ ಮನೆಗೆ ಬಂದೆ. ನಾದಿನಿ ತನ್ನ ಸೀರೆಗಳನ್ನ ಮಡಚಿ ಚೀಲಕ್ಕೆ ತುಂಬ್ತಿದ್ದಳು. ಗೆದ್ವಿ ಕಣೇ, ದಂಡ ರದ್ದಾಯ್ತು, ಅಂತ ಹೇಳಿದೆ. ಅವಳು ಒಳ್ಳೇದಾಯ್ತು ಅಂದಳು. ಇನ್ನೊಂದು ಸೀರೆ ಮಡಚಿದಳು. ಮತ್ತೆ ಇದೇನು ಅಂತ ಚೀಲ ತೋರಿಸಿದೆ.

“ದಂಡ ರದ್ದು ಮಾಡಿದ್ರು ಅತ್ತಿಗೆ. ತಪ್ಪು ಅಂದಿದ್ದನ್ನ ಯಾರು ರದ್ದು ಮಾಡಿದ್ರು?”

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಕಾನೂನು ತನ್ನ ಕೈಲಾದ್ದನ್ನ ಮಾಡಿಕೊಟ್ಟಿತ್ತು. ರೂಲು ಇಲ್ಲ ಅಂತ ಹೇಳಿತು, ಇವಳದು ತಪ್ಪಲ್ಲ ಅಂತ ಯಾರ ಬಾಯಲ್ಲೂ ಬರಲಿಲ್ಲ. ಯಜಮಾನರ ಊರಿನ ಪದ್ಧತಿಯೇ ಮೇಲು ಅಂತಲೂ ನಾನು ಹೇಳೋಳಲ್ಲ. ಆ ಕಟ್ಟೆ ಮೇಲೆ ಒಬ್ಬ ಹೆಂಗಸು ಕೂತಿದ್ದನ್ನ ನಾನು ಕಾಣೆ, ಕಟ್ಟೆ ಕೆಳಗೆ ನಿಂತು ಮಾತಾಡಿದ್ದನ್ನೂ ಕಾಣೆ. ಆದರೆ ಮನುಷ್ಯರಿಗೆ ಮುಖ ಅನ್ನೋದೊಂದಿದೆ ಅಂತ ಆ ಹಿರೀಕರಿಗೆ ಗೊತ್ತಿತ್ತು. ಸಂಘದ ನಡಾವಳಿಯಲ್ಲಿ ಅದನ್ನ ಬರೆಯೋಕೆ ಜಾಗ ಇಲ್ಲ.

ಯಜಮಾನರು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಒಳಗೆ ಹೋಗಿ ಅದೇ ಹಿತ್ತಾಳೆ ತಟ್ಟೆ ತಗೊಂಡು ಬಂದರು. ಈ ಸಲ ಬರೀ ತಟ್ಟೆ. ಮತ್ತೇನು ಇಟ್ಟು ಬರ್ತೀರಿ ಅಂತ ನಾನು ಅಡ್ಡ ನಿಂತೆ. ಇಡಕ್ಕಲ್ಲ ಕಣೆ, ಅವತ್ತು ಇಟ್ಟಿದ್ದು ಯಾತಕ್ಕೆ ಅಂತ ತೋರಿಸಕ್ಕೆ, ಅಂದರು. ಆಮೇಲೆ ಹೇಳಿದರು. ಅವರ ಊರಲ್ಲಿ ತೀರ್ಮಾನ ಮಾಡಿದವರದೇ ತಪ್ಪು ಅಂತ ಗೊತ್ತಾದರೆ, ಅವರಲ್ಲಿ ಹಿರಿಯನಾದವನು ಆ ಮನೆಗೆ ಬಂದು ಕುಡಿಯೋಕೆ ನೀರು ಕೇಳಬೇಕಂತೆ. ಯಾರ ತಲೆ ಮೇಲೆ ತಪ್ಪು ಹೊರಿಸಿದ್ದರೋ ಅವರ ಕೈಯಿಂದಲೇ ಇಸಕೊಂಡು ಕುಡಿಯಬೇಕಂತೆ. ಇವರು ಚಿಕ್ಕವರಿದ್ದಾಗ ಇವರ ಅಪ್ಪನೇ ಒಂದು ಮನೆ ಬಾಗಿಲಿಗೆ ಹಾಗೆ ಹೋಗಿದ್ದನ್ನ ನೋಡಿದ್ದಾರಂತೆ. ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಈ ಸಲ ಚಪ್ಪಲಿ ಬಿಟ್ಟು ಹೋಗಲಿಲ್ಲ ಅನ್ನೋದನ್ನ ನಾನು ಗಮನಿಸಿದೆ.

ಅಧ್ಯಕ್ಷರ ಮನೆಯಲ್ಲಿ ಇದೇ ಮಾತು ಹೇಳಿ ಬಂದರಂತೆ. ಅವರು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ನನಗಂತೂ ಭರವಸೆ ಇರಲಿಲ್ಲ. ಅಷ್ಟು ದೊಡ್ಡ ಕೆಲಸದಲ್ಲಿದ್ದು ಬಂದವರು, ನಮ್ಮ ಹಳ್ಳಿ ಕಡೆ ಪದ್ಧತಿಗೆ ನೀರು ಬೇಡಿಕೊಂಡು ಬರ್ತಾರಾ? ಮಾರನೆ ಬೆಳಿಗ್ಗೆ ಮೈದುನ ಕಳಿಸಿದ ಲಗೇಜ್ ಆಟೋ ಅಜ್ಜಂಪುರದ ಕಡೆಯಿಂದ ಬಂದು ಗೇಟಿನ ಮುಂದೆ ನಿಂತಿತು. ಆಟೋದವನು ಮಿಷನ್ನಿನ ಕೆಳಗಿನ ಕಬ್ಬಿಣದ ಸ್ಟ್ಯಾಂಡು, ಮೇಲಿನ ತಲೆ ಬೇರೆ ಬೇರೆ ಮಾಡಿ ಜಗಲಿಗೆ ತಂದಿಟ್ಟ. ನಾದಿನಿ ನನ್ನ ಕಾಲಿಗೆ ನಮಸ್ಕಾರ ಮಾಡೋಕೆ ಬಗ್ಗಿದಳು. ನಾನು ಕಾಲು ಹಿಂದಕ್ಕೆಳಕೊಂಡೆ. ನನಗೆ ಅಳು ಬಂತು, ಎಲ್ಲರ ಮುಂದೆ ಅತ್ತೆ, ನಾಚಿಕೆ ಏನಿದೆ ಅದರಲ್ಲಿ.

ಗೇಟು ಸದ್ದಾಯ್ತು. ಒಳಗೆ ಬಂದ ಅಧ್ಯಕ್ಷರ ಕೈಯಲ್ಲಿ ವಾಕಿಂಗ್ ಹೋಗುವಾಗ ಎತ್ತಿಕೊಂಡ ಪ್ಲಾಸ್ಟಿಕ್ ಕವರು ಇನ್ನೂ ಹಾಗೇ ಇತ್ತು. ಯಜಮಾನರು ಎದ್ದು ನಿಂತರು, ಅಧ್ಯಕ್ಷರು ಇವರನ್ನ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಜಗಲಿ ಮೇಲಿದ್ದ ಮಿಷನ್ನು ನೋಡಿದರು. ಆಮೇಲೆ ನಾದಿನಿಯನ್ನ ನೋಡಿ, ಕುಡಿಯಕ್ಕೆ ಸ್ವಲ್ಪ ನೀರು ಕೊಡ್ತೀಯಾ ತಾಯಿ, ಅಂದರು. ಅವಳು ಅಣ್ಣನ ಮುಖ ನೋಡಿದಳು. ನಾನೇ ಓಡಿ ತರೋಣ ಅಂತ ಒಂದು ಹೆಜ್ಜೆ ಇಟ್ಟವಳು ನಿಂತುಕೊಂಡೆ.

ಅವಳು ಒಳಗೆ ಹೋಗಿ ಲೋಟ ತೊಳೆದು ನೀರು ತಂದಳು. ಅವರು ಎರಡೂ ಕೈಯಲ್ಲಿ ಇಸಕೊಂಡು, ನಿಂತೇ, ಪೂರ್ತಿ ಕುಡಿದರು. ಲೋಟ ವಾಪಸ್ಸು ಕೊಟ್ಟರು.

“ನಿನ್ನನ್ನ ಒಂದು ಮಾತು ಕೇಳದೆ ತಪ್ಪು ಅಂದುಬಿಟ್ವಿ ತಾಯಿ. ನೀನು ಮಾಡಿದ್ದು ತಪ್ಪಲ್ಲ.”

ಆಟೋದವನಿಗೆ ಇದೊಂದೂ ತಿಳಿಯದು, ಅವನಿಗೆ ಅಜ್ಜಂಪುರಕ್ಕೆ ವಾಪಸ್ಸು ಹೋಗೋ ಅವಸರ. ಮಿಷನ್ನು ಏರಿಸಲಾ ಅಕ್ಕಾ ಅಂತ ಕೇಳಿದ. ನಾದಿನಿ ಖಾಲಿ ಲೋಟ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವನು ಎರಡನೇ ಸಲ ಕೇಳಿದ. ಅವಳು ಅಧ್ಯಕ್ಷರಿಗೆ ಹೇಳಿದಳು.

“ನಿಮ್ಮನೆ ಅಮ್ಮಾವ್ರ ಬ್ಲೌಸಿಗೆ ತೋಳು ಕೂಡ್ಸೋದು ಬಾಕಿ ಐತೆ ಸಾರ್. ಬುಧವಾರ ಬರಕ್ಕೇಳಿ.”

ಬ್ಲೌಸು ನಮ್ಮನೆಯಲ್ಲಿದೆ ಅಂತ ಆ ಮನುಷ್ಯನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ ಅಂತ ಮುಖ ನೋಡಿದರೇ ತಿಳೀತಿತ್ತು. ಆಗಲಿ ಅಂತ ತಲೆ ಆಡಿಸಿ, ಗೇಟಿನ ಕಡೆ ತಿರುಗಿದರು. ಅವಳು ಇನ್ನೊಂದು ಮಾತು ಹೇಳಿದಳು, ನಾನು ಅವಳ ಬಾಯಲ್ಲಿ ಅಷ್ಟು ಗಟ್ಟಿ ದನಿ ಕೇಳಿದ್ದು ಅದೇ ಮೊದಲು.

“ಮುಂದಿನ ಬಾಗಲಿಂದ ಬರಕ್ಕೇಳಿ.”